ಬೆಟ್ಟದ ಕೆಂಪು ವೈನ್, ಕರಾವಳಿಯ ಸೆಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಟ್ಟದ ಇಳಿಜಾರಿನ ತೋಟಗಳಲ್ಲಿ ಬೆಳೆದ ಹಲವು ತಳಿಯ ದ್ರಾಕ್ಷಿಗಳಿಂದ ಮಾಡುವ ಕೆಂಪು ಬ್ಲೆಂಡ್ ವೈನ್ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಬರೆದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಹೆಚ್ಚಿನವರ ದೂರು ಒಂದೇ: ಬಾಟಲಿ ದುಬಾರಿ, ಕುಡಿದರೆ ಒಗರು, ಗಂಟಲು ಉರಿ. ಇದಕ್ಕೆ ಅರ್ಧ ಕಾರಣ ಬೆಟ್ಟದಲ್ಲಿದೆ. ಉಳಿದರ್ಧ ನಮ್ಮೂರಿನ ಸೆಕೆಯಲ್ಲಿದೆ. ಅದನ್ನು ನಾವೇ ಸರಿಮಾಡಿಕೊಳ್ಳಬಹುದು.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಕ್ಯಾಲಿಫೋರ್ನಿಯಾದ ವೈನ್ ಪ್ರದೇಶ ನಾಪಾದ ಹೊವೆಲ್ ಮೌಂಟನ್ ಕಡೆಯ ಕೆಂಪು ಬ್ಲೆಂಡ್ ತಂದುಕೊಟ್ಟಿದ್ದಾರೆ, 2021ರದ್ದು. ತೆರೆದು ಕುಡಿದರೆ ಬಾಯಿಯೆಲ್ಲ ಒಗರು. ಹಾಳಾಗಿದೆಯೇ? (ಓದುಗರು, ಕದ್ರಿ)

ಬರೀ ಒಗರು ಇದ್ದರೆ ಹಾಳಾಗಿಲ್ಲ. ಅದು ಟ್ಯಾನಿನ್. ಅಡಿಕೆ ಜಗಿದಾಗ ಬಾಯಿ ಹಿಡಿದುಕೊಳ್ಳುವುದೂ ಇದೇ ಬಗೆಯ ಅಂಶದಿಂದ. ವೈನ್‌ಗೆ ಇದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ, ಸ್ವಲ್ಪ ಓಕ್ ಪೀಪಾಯಿಯಿಂದಲೂ ಬರುತ್ತದೆ.

ಬೆಟ್ಟದ ವೈನ್‌ನಲ್ಲಿ ಟ್ಯಾನಿನ್ ಹೆಚ್ಚಿರಲು ಸ್ಪಷ್ಟ ಕಾರಣಗಳಿವೆ. ಇಳಿಜಾರಿನಲ್ಲಿ ಮೇಲ್ಮಣ್ಣು ತೆಳು, ಕಲ್ಲು ಹೆಚ್ಚು, ನೀರು ನಿಲ್ಲುವುದಿಲ್ಲ. ನೀರೂ ಸಾರವೂ ಕಡಿಮೆ ಸಿಗುವ ಬಳ್ಳಿಯಲ್ಲಿ ಹಣ್ಣು ಸಣ್ಣದಾಗುತ್ತದೆ. ಹಣ್ಣು ಸಣ್ಣದಾದಷ್ಟೂ ರಸದ ಎದುರು ಸಿಪ್ಪೆಯ ಪಾಲು ಜಾಸ್ತಿ. ಜೊತೆಗೆ, ಎತ್ತರ ಏರಿದಂತೆ ಬಿಸಿಲಿನಲ್ಲಿ ಅತಿನೇರಳೆ ಕಿರಣ ಹೆಚ್ಚುತ್ತದೆ. ಅದರಿಂದ ಕಾಪಾಡಿಕೊಳ್ಳಲು ಹಣ್ಣು ಸಿಪ್ಪೆಯಲ್ಲಿ ಬಣ್ಣವನ್ನೂ ಟ್ಯಾನಿನ್ ಜಾತಿಯ ಅಂಶಗಳನ್ನೂ ತುಂಬಿಕೊಳ್ಳುತ್ತದೆ.

ಹೊವೆಲ್ ಮೌಂಟನ್ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿನ ಅಧಿಕೃತ ವೈನ್ ಪ್ರದೇಶಕ್ಕೆ ಸುಮಾರು 1400 ಅಡಿ ಎತ್ತರವೇ ಕೆಳಗಿನ ಗಡಿ, ಏಕೆಂದರೆ ನಾಪಾ ಕಣಿವೆಯಲ್ಲಿ ರಾತ್ರಿ ತುಂಬುವ ಮಂಜು ಹೆಚ್ಚಾಗಿ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ತಂಪು ಗಾಳಿ ಕೆಳಗೆ ಇಳಿದು ಕೂರುವುದರಿಂದ ಬೆಟ್ಟದ ರಾತ್ರಿ ಕಣಿವೆಗಿಂತ ಬೆಚ್ಚಗಿರುತ್ತದೆ, ಹಗಲು ಮಾತ್ರ ತಂಪು. ಬೆಟ್ಟ ಎಂದಾಕ್ಷಣ ರಾತ್ರಿ ಚಳಿ ಎಂದು ತಿಳಿಯಬಾರದು. ಅರ್ಜೆಂಟೀನಾದ ಮೆಂಡೋಜಾದಲ್ಲಿ, 900ರಿಂದ 1500 ಮೀಟರ್ ಎತ್ತರದ ಉಕೊ ಕಣಿವೆಯಲ್ಲಿ ಕಥೆ ಬೇರೆ: ಹಗಲು ಸುಡುಬಿಸಿಲು, ರಾತ್ರಿ ಚಳಿ. ಅಲ್ಲಿ ಹಣ್ಣಿನ ಹುಳಿ ರಾತ್ರಿಯಲ್ಲಿ ಕರಗದೆ ಉಳಿಯುತ್ತದೆ.

ನಿಮ್ಮ ಬಾಟಲಿ ಇನ್ನೂ ಎಳೆಯದು. ಇಂಥ ವೈನ್‌ನ ಒಗರು ಮೆತ್ತಗಾಗಲು ತಂಪು ಜಾಗದಲ್ಲಿ ಎಂಟು ಹತ್ತು ವರ್ಷ ಬೇಕಾಗುವುದುಂಟು. ನಿಜವಾಗಿ ಕೆಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಅದಕ್ಕೆ ಪರಿಹಾರವಿಲ್ಲ. ವಿನೆಗರ್ ಅಥವಾ ಉಗುರುಬಣ್ಣದ ಘಾಟು ಬಂದರೆ ಬ್ಯಾಕ್ಟೀರಿಯಾದ ಕೆಲಸ. ಬೇಯಿಸಿದ ಒಣದ್ರಾಕ್ಷಿಯ ವಾಸನೆಯ ಜೊತೆಗೆ ಬಿರಡೆಯೂ ಮೇಲೆ ತಳ್ಳಿದಂತಿದ್ದರೆ ಬಾಟಲಿ ಎಲ್ಲೋ ಬಿಸಿಯಲ್ಲಿ ಬೆಂದಿದೆ.

ಪ್ರಶ್ನೆ: ಲೇಬಲ್ ಮೇಲೆ ದ್ರಾಕ್ಷಿಯ ಹೆಸರೇ ಇಲ್ಲ, ‘ರೆಡ್ ವೈನ್’ ಎಂದಷ್ಟೇ ಇದೆ. ಬೆರಕೆ ಮಾಡಿದ್ದು ಎಂದರೆ ಎರಡನೇ ದರ್ಜೆಯೇ? (ಓದುಗರು, ಮಣಿಪಾಲ)

ಅಲ್ಲ. ಅಮೆರಿಕದ ನಿಯಮದಂತೆ ಒಂದು ತಳಿಯ ಹೆಸರು ಹಾಕಬೇಕಾದರೆ ಬಾಟಲಿಯಲ್ಲಿ ಆ ತಳಿ ಕನಿಷ್ಠ 75 ಶೇಕಡಾ ಇರಬೇಕು. 60 ಪಾಲು ಕ್ಯಾಬರ್ನೆ ಸೊವಿನ್ಯೋ, 30 ಪಾಲು ಮೆರ್ಲೊ, 10 ಪಾಲು ಬೇರೆ ಸೇರಿದರೆ ಎಷ್ಟೇ ಉತ್ತಮ ವೈನ್ ಆದರೂ ‘ರೆಡ್ ವೈನ್’ ಎಂದೇ ಬರೆಯುತ್ತಾರೆ. ಫ್ರಾನ್ಸಿನ ಬೋರ್ಡೋದಲ್ಲಿ ಬ್ಲೆಂಡ್ ಮಾಡುವುದೇ ರೂಢಿ.

ಪ್ರತಿ ತಳಿಗೂ ಒಂದು ಕೆಲಸವಿದೆ. ಕ್ಯಾಬರ್ನೆ ಸೊವಿನ್ಯೋ ಎಲುಬು ಕೊಡುತ್ತದೆ: ಟ್ಯಾನಿನ್, ಕಪ್ಪು ಹಣ್ಣಿನ ಪರಿಮಳ, ಬಾಳಿಕೆ. ಮೆರ್ಲೊ ಅದಕ್ಕಿಂತ ಒಂದೆರಡು ವಾರ ಮುಂಚೆ ಹಣ್ಣಾಗುತ್ತದೆ, ಬಾಯಿಯ ನಡುವೆ ಮೆತ್ತನೆಯ ತುಂಬು ಕೊಡುತ್ತದೆ. ಕ್ಯಾಬರ್ನೆ ಫ್ರಾಂಕ್ ಪರಿಮಳಕ್ಕೆ. ಪೆಟಿ ವರ್ಡೊ ತಡವಾಗಿ ಹಣ್ಣಾಗುವ ತಳಿ, ಬಣ್ಣಕ್ಕೂ ಖಾರದ ಛಾಯೆಗೂ ಎರಡು ಮೂರು ಶೇಕಡಾ ಸಾಕು. ಮಾಲ್ಬೆಕ್ ಗಾಢ ಬಣ್ಣ, ಹಣ್ಣಿನ ರುಚಿ.

ಬೆಟ್ಟದ ತೋಟಕ್ಕೆ ಬ್ಲೆಂಡ್ ಇನ್ನೂ ಮುಖ್ಯ, ಮತ್ತು ಅದರ ಕಾರಣ ಬರೀ ತಳಿಯಲ್ಲ. ಒಂದೇ ಗುಡ್ಡದಲ್ಲಿ ಪೂರ್ವಕ್ಕೆ ಮುಖ ಮಾಡಿದ ತುಂಡು ಬೆಳಗಿನ ಬಿಸಿಲು ಕಾಣುತ್ತದೆ, ಪಶ್ಚಿಮದ್ದು ಮಧ್ಯಾಹ್ನದ ಉರಿ ಕಾಣುತ್ತದೆ. ಮೇಲಿನ ಸಾಲಿನ ಮಣ್ಣು ತೆಳು, ಕೆಳಗಿನ ಸಾಲಿನದ್ದು ದಪ್ಪ. 300 ಮೀಟರ್ ಎತ್ತರದ ವ್ಯತ್ಯಾಸ ಇದ್ದರೆ ಉಷ್ಣತೆಯಲ್ಲಿ ಸುಮಾರು 2 ಡಿಗ್ರಿ ಅಂತರ. ಹಾಗಾಗಿ ಒಂದೇ ತಳಿಯೂ ತುಂಡು ತುಂಡಾಗಿ ಬೇರೆ ಬೇರೆ ದಿನ ಕೊಯ್ಲಿಗೆ ಬರುತ್ತದೆ. ಒಳ್ಳೆಯ ತಯಾರಕರು ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ಹುದುಗಿಸಿ, ತಿಂಗಳುಗಳ ನಂತರ ರುಚಿ ನೋಡಿ ಬೆರೆಸುತ್ತಾರೆ. ಬೆಟ್ಟದ ಬ್ಲೆಂಡ್‌ನ ಜಾಣ್ಮೆ ಇರುವುದು ಇಲ್ಲೇ ಎಂಬುದು ನಮ್ಮ ಅಭಿಪ್ರಾಯ. ಅನುಪಾತ ವರ್ಷವರ್ಷವೂ ಬದಲಾಗುವುದು ಇದರಿಂದಲೇ, ಅದನ್ನು ಅಸ್ಥಿರತೆ ಎಂದುಕೊಳ್ಳಬೇಡಿ.

ಕೊಳ್ಳುವಾಗ ಒಂದು ಎಚ್ಚರ: ‘ಮೌಂಟನ್’ ಎಂಬ ಪದ ಮಾತ್ರ ಇದ್ದರೆ ಅದು ಎತ್ತರಕ್ಕೆ ಖಾತರಿಯಲ್ಲ. ಜಾಗದ ಹೆಸರು ನೋಡಿ. ಹೊವೆಲ್ ಮೌಂಟನ್, ಮೌಂಟ್ ವೀಡರ್, ಸ್ಪ್ರಿಂಗ್ ಮೌಂಟನ್ ಇಂಥ ಅಧಿಕೃತ ಹೆಸರಿದ್ದರೆ ಕನಿಷ್ಠ 85 ಶೇಕಡಾ ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ಇಟಲಿಯ ಎಟ್ನಾ ಜ್ವಾಲಾಮುಖಿಯ ‘ಎಟ್ನಾ ರೊಸ್ಸೊ’ದಲ್ಲಿ ಕನಿಷ್ಠ 80 ಶೇಕಡಾ ನೆರೆಲ್ಲೊ ಮಸ್ಕಾಲೆಸೆ ಎಂಬ ತಳಿ ಇರಬೇಕೆಂಬ ನಿಯಮವಿದೆ. ಬಣ್ಣ ತಿಳಿ, ಹುಳಿ ಜಾಸ್ತಿ. ನಮ್ಮಲ್ಲೇ ಸಿಗುವುದು ಬೇಕಾದರೆ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಅವರ ‘ಲಾ ರಿಸರ್ವ್’ ಇದೆ, ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ತಳಿಗಳು ಸೇರಿದ್ದು. ಕ್ಯಾಬರ್ನೆಯ ರುಚಿಯ ನಡುವೆ ಕಾಣುವ ಟೊಳ್ಳನ್ನು ಶಿರಾಜ್ ತುಂಬುವ ಈ ಜೋಡಿ ಆಸ್ಟ್ರೇಲಿಯಾದಲ್ಲಿ ಹೆಸರಾದದ್ದು.

ಪ್ರಶ್ನೆ: ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು, ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಎನ್ನುತ್ತಾರೆ. ನಿಜವೇ? (ಓದುಗರು, ಬಲ್ಮಠ)

ಆ ಮಾತು ಹುಟ್ಟಿದ್ದು ಯುರೋಪಿನ ಚಳಿ ಮನೆಗಳಲ್ಲಿ. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ಮಂಗಳೂರಿನ ಕೋಣೆ ಏಪ್ರಿಲ್‌ನಲ್ಲಿ 32 ಡಿಗ್ರಿ. ಆ ಬಿಸಿಯಲ್ಲಿ 14.5 ಶೇಕಡಾ ಆಲ್ಕೋಹಾಲ್ ಮೊದಲು ಆವಿಯಾಗಿ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ. ನೀವು ‘ಗಂಟಲು ಉರಿ’ ಎನ್ನುವುದರ ಮುಖ್ಯ ಕಾರಣ ಇದು. ಹಾಗೆಂದು ತೀರಾ ತಣ್ಣಗೆ, 12 ಡಿಗ್ರಿಗಿಂತ ಕೆಳಗೆ ಕುಡಿದರೆ ಒಗರು ಇನ್ನೂ ಗಡುಸಾಗುತ್ತದೆ.

ಮಾಡಬೇಕಾದ್ದು ಇಷ್ಟು. 30 ಡಿಗ್ರಿಯಲ್ಲಿರುವ ಬಾಟಲಿಯನ್ನು ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ ಇಡಿ. ಅವಸರವಿದ್ದರೆ ಬಕೆಟ್‌ನಲ್ಲಿ ಅರ್ಧ ಮಂಜುಗಡ್ಡೆ, ಅರ್ಧ ನೀರು ಹಾಕಿ ಬಾಟಲಿಯ ಕುತ್ತಿಗೆಯವರೆಗೆ ಮುಳುಗಿಸಿ, 12ರಿಂದ 15 ನಿಮಿಷ ಸಾಕು. ಬರೀ ಮಂಜುಗಡ್ಡೆ ಹಾಕಿದರೆ ತುಂಡುಗಳ ನಡುವೆ ಗಾಳಿ ಇರುವುದರಿಂದ ನಿಧಾನ. ಫ್ರೀಜರ್‌ನಲ್ಲಿ ಇಟ್ಟು ಮರೆತರೆ ಬಾಟಲಿ ಒಡೆಯುತ್ತದೆ. 15 ಡಿಗ್ರಿ ಹೊತ್ತಿಗೆ ಗ್ಲಾಸಿಗೆ ಹಾಕಿ, ಸೆಕೆಯಲ್ಲಿ ಹತ್ತು ನಿಮಿಷದಲ್ಲೇ ಅದು ತಾನಾಗಿ ಬೇಕಾದ ಮಟ್ಟಕ್ಕೆ ಬರುತ್ತದೆ. ಒಂದು ಸಲಕ್ಕೆ 100 ಮಿ.ಲೀ. ಮಾತ್ರ ಹಾಕಿ, ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲೇ ಇಟ್ಟಿರಿ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಊಹೆ ಬೇಡ.

ಗಾಳಿ ಕೊಡುವುದು ಮುಂದಿನ ಹೆಜ್ಜೆ. ಬಿರಡೆ ತೆಗೆದು ಬಾಟಲಿಯನ್ನು ಹಾಗೇ ನಿಲ್ಲಿಸಿದರೆ ಏನೂ ಆಗದು, ಕುತ್ತಿಗೆಯಲ್ಲಿ ಗಾಳಿಗೆ ತಾಗುವ ಜಾಗ ಒಂದು ನಾಣ್ಯದಷ್ಟು. ಅಗಲ ಗಾಜಿನ ಜಗ್‌ಗೆ ಎತ್ತರದಿಂದ ಸುರಿಯಿರಿ. ಎಳೆಯ ಬೆಟ್ಟದ ಬ್ಲೆಂಡ್‌ಗೆ ಒಂದರಿಂದ ಎರಡು ಗಂಟೆ ಬೇಕು. ಇಲ್ಲೇ ಕರಾವಳಿಯಲ್ಲಿ ತಪ್ಪಾಗುವುದು: ಎರಡು ಗಂಟೆ ಮೇಜಿನ ಮೇಲಿಟ್ಟರೆ ಜಗ್ ಪುನಃ 30 ಡಿಗ್ರಿಗೆ ಏರುತ್ತದೆ. ಅದಕ್ಕೇ ಸುರಿದ ಜಗ್ ಅನ್ನೇ ಫ್ರಿಜ್‌ನಲ್ಲಿಡಿ. ಪಕ್ಕದಲ್ಲಿ ಒಣಮೀನು, ಬೆಳ್ಳುಳ್ಳಿ, ತೆರೆದಿಟ್ಟ ಸಾಂಬಾರ್ ಇರಬಾರದು, ವಾಸನೆ ಬೇಗ ಹಿಡಿಯುತ್ತದೆ. ಗಾಜು ಇಲ್ಲದಿದ್ದರೆ ಸ್ಟೀಲ್ ಆದೀತು. ತಾಮ್ರ, ಹಿತ್ತಾಳೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಜಗ್‌ನಲ್ಲಿ ಪಾತ್ರೆ ಸೋಪಿನ ನಿಂಬೆ ವಾಸನೆ ಉಳಿದಿರಬಾರದು, ಬಿಸಿನೀರಲ್ಲಿ ಎರಡು ಮೂರು ಸಲ ಜಾಲಿಸಿ.

15 ವರ್ಷ ದಾಟಿದ ಬಾಟಲಿಗೆ ಈ ಉಪಚಾರ ಬೇಡ. ಹಿಂದಿನ ದಿನವೇ ನೇರ ನಿಲ್ಲಿಸಿ ಗಷ್ಟು ತಳಕ್ಕೆ ಕೂರಲು ಬಿಡಿ, ಮೆಲ್ಲಗೆ ಸುರಿದು ಕೂಡಲೇ ಬಡಿಸಿ. ಅದರ ಪರಿಮಳ ಗಾಳಿಯಲ್ಲಿ ಬೇಗ ಹಾರುತ್ತದೆ.

ಪ್ರಶ್ನೆ: ಎರಡು ಬಾಟಲಿ ಐದು ವರ್ಷ ಇಟ್ಟುಕೊಳ್ಳುವ ಆಸೆ. ನಮ್ಮದು ಹಂಚಿನ ಮನೆ, ಕೆಂಪುಕಲ್ಲಿನ ದಪ್ಪ ಗೋಡೆ, ಒಳಗೆ ತಂಪು. ಸಾಕಾಗುವುದೇ? (ಓದುಗರು, ಕಲ್ಯಾಣಪುರ)

ಸಾಲದು. ಮೈಗೆ ತಂಪೆನಿಸಿದರೂ ಅಂಥ ಕೋಣೆ ವರ್ಷದ ಬಹುಪಾಲು 27, 28 ಡಿಗ್ರಿಯಲ್ಲಿರುತ್ತದೆ. ವೈನ್‌ಗೆ ಬೇಕಾದ್ದು 12ರಿಂದ 14. ಬಿಸಿಯಲ್ಲಿ ಅದು ಬೇಗ ಮುದಿಯಾಗುತ್ತದೆ, ಆದರೆ ಹದವಾಗಿ ಮಾಗುವುದಿಲ್ಲ. ಕಂಪ್ರೆಸರ್ ಇರುವ ವೈನ್ ಕೂಲರ್ ಒಂದೇ ದಾರಿ. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಮಾದರಿ ಅಗ್ಗ ಮತ್ತು ನಿಶ್ಶಬ್ದ ನಿಜ, ಆದರೆ ಹೊರಗಿನ ಸೆಕೆಯಿಂದ ಒಂದು ಮಿತಿಯಷ್ಟೇ ಇಳಿಸಬಲ್ಲದು. ಮೇ ತಿಂಗಳಲ್ಲಿ ಸೋಲುತ್ತದೆ. ಕೂಲರ್ ಇಲ್ಲವೇ? ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಆರು ತಿಂಗಳು ಇಡಬಹುದು. ಕಪಾಟಿನಲ್ಲಾದರೆ ಎರಡು ಮೂರು ತಿಂಗಳಲ್ಲಿ ಮುಗಿಸಿ. ಮಳೆಗಾಲದ ತೇವ ಬಿರಡೆಗೆ ಒಳ್ಳೆಯದೇ, ಲೇಬಲ್‌ಗೆ ಮಾತ್ರ ಬೂಸ್ಟು ಹಿಡಿಯುತ್ತದೆ. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟರೆ ಸಾಕು. ಮತ್ತೊಂದು: ಅಂಗಡಿಯಿಂದ ತಂದ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಒಂದು ಮಧ್ಯಾಹ್ನ ಸಾಕು ಕೆಡಲು.

ಪ್ರಶ್ನೆ: ನಮ್ಮ ಊಟಕ್ಕೆ ಇದು ಹೊಂದುತ್ತದೆಯೇ? ಬಂಗುಡೆ ಪುಳಿಮುಂಚಿ ಜೊತೆ ಕುಡಿದಾಗ ಬಾಯಲ್ಲಿ ಕಬ್ಬಿಣದ ರುಚಿ ಬಂತು. (ಓದುಗರು, ಕುಂದಾಪುರ)

ನಿಮ್ಮ ನಾಲಗೆ ಸರಿಯಾಗಿಯೇ ಹೇಳಿದೆ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿದಾಗ ನಾತದ ಅಂಶಗಳು ಹುಟ್ಟುತ್ತವೆ. ಜಪಾನಿನ ಸಂಶೋಧಕರು 2009ರಲ್ಲಿ ಇದನ್ನು ತೋರಿಸಿದ್ದಾರೆ. ಬಂಗುಡೆ, ಬೂತಾಯಿ ಎಣ್ಣೆಯ ಮೀನುಗಳು, ಆದ್ದರಿಂದ ಅವುಗಳಲ್ಲೇ ಹೆಚ್ಚು. ಪುಳಿಮುಂಚಿಯ ಖಾರ ಬೇರೆ. ಟ್ಯಾನಿನ್ ಮತ್ತು ಆಲ್ಕೋಹಾಲ್ ಎರಡೂ ಮೆಣಸಿನ ಉರಿಯನ್ನು ಏರಿಸುತ್ತವೆ. ಮೀನಿನೂಟದ ದಿನ ಈ ಬಾಟಲಿ ತೆರೆಯಬೇಡಿ.

ಹೊಂದುವುದು ಕೊಬ್ಬು ಮತ್ತು ಪ್ರೋಟೀನ್ ಇರುವ ಅಡುಗೆಗೆ. ಟ್ಯಾನಿನ್ ಹೋಗಿ ಮಾಂಸದ ಪ್ರೋಟೀನ್‌ಗೆ ಅಂಟಿಕೊಂಡಾಗ ನಮ್ಮ ಜೊಲ್ಲಿನ ಪ್ರೋಟೀನ್‌ಗೆ ಅಂಟುವುದು ಕಡಿಮೆಯಾಗುತ್ತದೆ, ಒಗರು ತಗ್ಗುತ್ತದೆ. ಕ್ಯಾಥೊಲಿಕ್ ಮನೆಗಳ ಹಂದಿಮಾಂಸದ ಬಫಾತ್ ಬಹಳ ಒಳ್ಳೆಯ ಜೋಡಿ, ಅದರ ಕೊಬ್ಬೂ ಕೊತ್ತಂಬರಿ, ಜೀರಿಗೆಯ ಮಸಾಲೆಯೂ ಕ್ಯಾಬರ್ನೆಗೆ ಸರಿಹೋಗುತ್ತವೆ. ವಿನೆಗರ್ ಮಾತ್ರ ಹಿಡಿತದಲ್ಲಿರಲಿ, ಹುಳಿ ಹೆಚ್ಚಾದರೆ ವೈನ್ ಚಪ್ಪೆ ಎನಿಸುತ್ತದೆ. ನಿಮ್ಮೂರಿನ ಘೀ ರೋಸ್ಟ್‌ಗೂ ಆಗುತ್ತದೆ, ಆದರೆ ಬ್ಯಾಡಗಿ ಮೆಣಸು ಮಾತ್ರ ಹಾಕಿ ಮಾಡಿದ್ದಿರಲಿ: ಬಣ್ಣ ಬರುತ್ತದೆ, ಖಾರ ಮಿತ. ಕೋರಿ ರೊಟ್ಟಿಯಲ್ಲಿ ತೆಂಗಿನಹಾಲು ಕೆಲಸಕ್ಕೆ ಬರುತ್ತದೆ, ಆದರೂ ಗಸಿ ಖಾರವಾಗಿದ್ದರೆ ಎಟ್ನಾದಂಥ ಹಗುರ ಕೆಂಪು ವಾಸಿ, ಕ್ಯಾಬರ್ನೆ ಬೇಡ.

ಸಸ್ಯಾಹಾರಿಗಳು ಪನೀರ್, ಚೀಸ್, ಅಣಬೆ ಸುಕ್ಕ, ಎಣ್ಣೆಯಲ್ಲಿ ಹುರಿದ ಮಟ್ಟುಗುಳ್ಳದ ಜೊತೆ ಪ್ರಯತ್ನಿಸಬಹುದು.

ಪ್ರಶ್ನೆ: ಕಾರ್ಕಳದ ಹತ್ತಿರ ಘಟ್ಟದ ಬುಡದಲ್ಲಿ ನಮ್ಮ ಅಡಿಕೆ ತೋಟವಿದೆ, ಮೇಲೆ ಗುಡ್ಡ ಖಾಲಿ ಇದೆ. ಬೆಟ್ಟದ ದ್ರಾಕ್ಷಿ ಅಷ್ಟು ಒಳ್ಳೆಯದಾದರೆ ಇಲ್ಲೇಕೆ ಬೆಳೆಯಬಾರದು? (ಓದುಗರು, ಕಾರ್ಕಳ)

ಉಡುಪಿಯೂ ನಂದಿಬೆಟ್ಟವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಉತ್ತರಕ್ಕೆ 13 ಡಿಗ್ರಿಗಿಂತ ತುಸು ಮೇಲೆ. ಹಾಗಾಗಿ ಪ್ರಶ್ನೆ ನ್ಯಾಯವಾದದ್ದು. ಮುಖ್ಯ ಅಡ್ಡಿ ಎತ್ತರದ್ದಲ್ಲ, ಮಳೆಯದ್ದು. ನಂದಿಯ ಸುತ್ತ ವರ್ಷಕ್ಕೆ 800 ಮಿ.ಮೀ. ಆಸುಪಾಸು, ಉಡುಪಿ ಜಿಲ್ಲೆಯಲ್ಲಿ 4000 ಮಿ.ಮೀ. ಮಟ್ಟ, ಘಟ್ಟದ ಮೇಲಿನ ಆಗುಂಬೆಯಲ್ಲಿ 7000 ದಾಟುತ್ತದೆ.

ಮಳೆ ಹೇಗೆ ಕೆಡಿಸುತ್ತದೆ ನೋಡಿ. ದಕ್ಷಿಣ ಭಾರತದ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದಿಲ್ಲ. ಅದಕ್ಕೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುತ್ತಾರೆ: ಏಪ್ರಿಲ್ ಹೊತ್ತಿಗೆ ಒಂದು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಂದು. ಏಪ್ರಿಲ್ ಚಾಟ್ನಿಯ ನಂತರ ಬರುವ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಗೊನೆ ರೂಪುಗೊಳ್ಳುವುದು ಒಂದೂವರೆ ಎರಡು ತಿಂಗಳ ಸುಮಾರಿಗೆ. ಆಗ ಎಲೆಗೆ ಒಳ್ಳೆಯ ಬಿಸಿಲು ಬೇಕು. ನಮ್ಮಲ್ಲಿ ಅದೇ ಹೊತ್ತಿಗೆ ಜೂನ್ ಮೋಡ ಕವಿಯುತ್ತದೆ. ಬಳ್ಳಿ ಹಸಿರಾಗಿ ಹಬ್ಬುತ್ತದೆ, ಗೊನೆ ಬರುವುದಿಲ್ಲ. ಬಂದದ್ದಕ್ಕೂ ಬೂಜುತುಪ್ಪಟ ರೋಗ ಬಿಡುವುದಿಲ್ಲ. ಬುಡದ ಪ್ರದೇಶದಲ್ಲಿ ಜನವರಿಯಲ್ಲೂ ರಾತ್ರಿ ಸಾಕಷ್ಟು ತಂಪಾಗದ ಕಾರಣ ಸಿಪ್ಪೆಗೆ ಬಣ್ಣ ಕೂರದು, ಹುಳಿ ನಿಲ್ಲದು.

ಅಡಿಕೆ ಬೆಳೆಗಾರರಾದ ನಿಮಗೆ ಆ ರೋಗದ ಬಂಧು ಗೊತ್ತಿರುವುದೇ. ಬೂಜುತುಪ್ಪಟ ಮತ್ತು ಅಡಿಕೆಯ ಕೊಳೆರೋಗ ಎರಡನ್ನೂ ತರುವ ಜೀವಿಗಳು ಒಂದೇ ಗುಂಪಿನವು. ನೀವು ಮೈಲುತುತ್ತು 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್ ಸೇರಿಸಿ ಗೊನೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಬಂದದ್ದು ಫ್ರಾನ್ಸಿನ ಅದೇ ಬೋರ್ಡೋದ ದ್ರಾಕ್ಷಿ ತೋಟಗಳಿಂದ. ಸಸ್ಯವಿಜ್ಞಾನಿ ಮಿಲ್ಲಾರ್ಡೆ 1885ರಲ್ಲಿ ಬೂಜುತುಪ್ಪಟಕ್ಕೆ ಅದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದರು. ಅಡಿಕೆಗೆ ಮಳೆಗಾಲದಲ್ಲಿ ಎರಡು ಮೂರು ಸಲ ಹೊಡೆದರೆ ನಡೆಯುತ್ತದೆ. ದ್ರಾಕ್ಷಿಗೆ ನಮ್ಮ ಮಳೆಯಲ್ಲಿ ವಾರವಾರವೂ ಹೊಡೆದರೂ ತೊಳೆದುಹೋಗುತ್ತದೆ. ಆ ಗುಡ್ಡಕ್ಕೆ ಕಾಳುಮೆಣಸು ಹಾಕುವುದೇ ಲೇಸು.

ಪ್ರಶ್ನೆ: ಎರಡು ಬಾಟಲಿ ತಂದು ಮನೆಯಲ್ಲೇ ಬೆರೆಸಿ ನೋಡಬಹುದೇ? ಕ್ರಿಸ್ಮಸ್‌ಗೆ ಮಾಡಿದ ಮನೆ ವೈನ್ ಸೇರಿಸಿದರೆ? (ಓದುಗರು, ಬೆಂದೂರ್‌ವೆಲ್)

ಮೊದಲನೆಯದನ್ನು ಖಂಡಿತ ಮಾಡಿ. ಬ್ಲೆಂಡ್ ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಒಂದು ಕ್ಯಾಬರ್ನೆ, ಒಂದು ಶಿರಾಜ್ ಅಥವಾ ಮೆರ್ಲೊ, ಹತ್ತಿರದ ವರ್ಷಗಳವು, ಸಿಹಿ ಇಲ್ಲದವು ಬೇಕು. ಪ್ರಯೋಗಾಲಯದ 100 ಮಿ.ಲೀ. ಅಳತೆ ಸಿಲಿಂಡರ್ ಒಂದು, ಒಂದೇ ಬಗೆಯ ಐದು ಗ್ಲಾಸು. ಎರಡೂ ಬಾಟಲಿ 17 ಡಿಗ್ರಿಗೆ ಬರಲಿ. ಪ್ರತಿ ಗ್ಲಾಸಿಗೆ ಒಟ್ಟು 50 ಮಿ.ಲೀ.: ಬರೀ ಕ್ಯಾಬರ್ನೆ, 45 ಮತ್ತು 5, 40 ಮತ್ತು 10, 35 ಮತ್ತು 15, 25 ಮತ್ತು 25. ಅನುಪಾತ ಬರೆದ ಚೀಟಿ ತಳಕ್ಕೆ ಅಂಟಿಸಿ, ಬೇರೆಯವರಿಂದ ಸ್ಥಾನ ಬದಲಿಸಿ. 15 ನಿಮಿಷ ಬಿಟ್ಟು ಮೊದಲು ಎಲ್ಲದರ ವಾಸನೆ, ಆಮೇಲೆ ರುಚಿ. ನುಂಗದೆ ಉಗುಳಿ, ನಡುವೆ ನೀರು ಮತ್ತು ಉಪ್ಪಿಲ್ಲದ ಬಿಸ್ಕತ್ತು. ಇಷ್ಟವಾದ ಗ್ಲಾಸಿನ ಆಚೀಚೆ 5 ಶೇಕಡಾ ಬದಲಿಸಿ ಇನ್ನೊಂದು ಸುತ್ತು ಮಾಡಿ.

ಸಾಮಾನ್ಯ ತಪ್ಪು ಎರಡು. ಮೊದಲ ಸುತ್ತಿನಲ್ಲಿ ಮೆತ್ತಗಿರುವುದೇ ಗೆಲ್ಲುತ್ತದೆ, ಏಕೆಂದರೆ ಖಾಲಿ ಬಾಯಿಗೆ ಒಗರು ಹೆಚ್ಚು ಕಾಣುತ್ತದೆ. ಕೊನೆಯ ತೀರ್ಮಾನವನ್ನು ಊಟದ ತುತ್ತಿನ ಜೊತೆ ಮಾಡಿ. ಎರಡನೆಯದು, ಕೆಟ್ಟ ವೈನ್ ಅನ್ನು ಒಳ್ಳೆಯದರಲ್ಲಿ ಬೆರೆಸಿ ಉಳಿಸುವ ಆಸೆ. ದೋಷ ತೆಳುವಾಗುವುದಿಲ್ಲ, ಒಳ್ಳೆಯದೂ ಹೋಗುತ್ತದೆ.

ಮನೆ ವೈನ್ ಬೆರೆಸಿ ಮುಚ್ಚಿಡಬೇಡಿ. ಅದರಲ್ಲಿ ಸಕ್ಕರೆಯೂ ಜೀವಂತ ಯೀಸ್ಟೂ ಉಳಿದಿರುತ್ತವೆ, ಬಾಟಲಿಯೊಳಗೆ ಹುದುಗು ಪುನಃ ಶುರುವಾದರೆ ಗಾಳಿ ಒತ್ತಿ ಬಿರಡೆ ಹಾರುತ್ತದೆ, ಗಾಜೂ ಸಿಡಿಯಬಹುದು. ಮನೆ ವೈನ್‌ಗೆ ಬಳಸುವ ಬೆಂಗಳೂರು ನೀಲಿ ದ್ರಾಕ್ಷಿಯ ಪರಿಮಳವೂ ಬೇರೆ ಜಾತಿಯದ್ದು, 10 ಶೇಕಡಾ ಸೇರಿದರೂ ಕ್ಯಾಬರ್ನೆಯನ್ನು ಮುಚ್ಚಿಬಿಡುತ್ತದೆ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟ ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಂಡೆವು. (ಓದುಗರು, ಸುರತ್ಕಲ್)

ಗಾಜಲ್ಲ, ಟಾರ್ಟಾರಿಕ್ ಆಮ್ಲದ ಲವಣ. ಹುಣಸೆಹಣ್ಣಿನ ಹುಳಿಯೂ ಇದೇ ಆಮ್ಲ. ತಂಪಿನಲ್ಲಿ ಅದು ಪೊಟ್ಯಾಸಿಯಂ ಜೊತೆ ಸೇರಿ ಹರಳಾಗುತ್ತದೆ. ಹರಳು ಬಿಸಿನೀರಿನಲ್ಲಿ ಕರಗಿದರೆ ಇದೇ ಎಂದು ಖಚಿತ, ಗಾಜು ಕರಗದು. ಕೊನೆಯ ಎರಡು ಬೆರಳಷ್ಟು ಬಿಟ್ಟು ಸುರಿಯಿರಿ.

ಪ್ರಶ್ನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂದು ಅಪ್ಪನಿಗೆ ದಿನಾ ಕೊಡಬಹುದೇ? (ಓದುಗರು, ಮೂಡುಬಿದಿರೆ)

ಔಷಧವೆಂದು ಕೊಡಬೇಡಿ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಿ.ಪಿ., ಸಕ್ಕರೆ ಅಥವಾ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಒಂದು ಗ್ಲಾಸೂ ಬೇಡ.

ಪ್ರಶ್ನೆ: ಅರ್ಧ ಬಾಟಲಿ ಉಳಿದರೆ ಎಷ್ಟು ದಿನ ಬರುತ್ತದೆ? (ಓದುಗರು, ಮಲ್ಪೆ)

ಮೇಜಿನ ಮೇಲಾದರೆ ಮರುದಿನವೇ ಚಪ್ಪೆ. 375 ಮಿ.ಲೀ.ನ ಸಣ್ಣ ಬಾಟಲಿಗೆ ಕಂಠದವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿ ನೇರ ನಿಲ್ಲಿಸಿದರೆ ನಾಲ್ಕೈದು ದಿನ. ಅರ್ಧ ಬಾಟಲಿ ಉಳಿಯುವುದೆಂದು ಮೊದಲೇ ಗೊತ್ತಿದ್ದರೆ ತೆರೆದ ಕೂಡಲೇ ಸಣ್ಣದಕ್ಕೆ ತುಂಬಿಸಿಡಿ, ಊಟ ಮುಗಿಯುವವರೆಗೆ ಕಾಯಬೇಡಿ. ಎಳೆಯ ಬೆಟ್ಟದ ಬ್ಲೆಂಡ್‌ಗಳು ಎರಡನೇ ದಿನ ಮೊದಲ ದಿನಕ್ಕಿಂತ ಮೆತ್ತಗೆ, ರುಚಿಯಾಗಿ ಇರುವುದೂ ಉಂಟು. ವಿನೆಗರ್ ಘಾಟು ಶುರುವಾದರೆ ಕುಡಿಯಲೂ ಬೇಡ, ಅಡುಗೆಗೂ ಬೇಡ.